ದೊಡ್ಡಮ್ಮನ ಹಳೆಯ ಡಿವಿಡಿ ಪ್ಲೇಯರಿಗೆ ಹರಕೆಯಾಟ ಇಳಿಸಿದ ಐದು ವಾರ

ಕಳೆದ ಭಾನುವಾರ ರಾತ್ರಿ ಮೂರನೆಯ ಡಿಸ್ಕ್ ಎಲ್ಲಿಯೂ ತಡೆಯದೆ ಕೊನೆಯವರೆಗೆ ಓಡಿತು. ಫೋನಿನಲ್ಲಿ ಚಿತ್ರೀಕರಿಸಿದ ಐದೂವರೆ ಗಂಟೆಯ ಯಕ್ಷಗಾನವನ್ನು ಮುಂಬಯಿ ಹತ್ತಿರದ ಡೊಂಬಿವಲಿಯ ದೊಡ್ಡಮ್ಮನ ಮನೆಯಲ್ಲಿರುವ ಹಳೆಯ ಡಿವಿಡಿ ಪ್ಲೇಯರಿನಲ್ಲಿ ಕಾಣಿಸಲು ನನಗೆ ಐದು ವಾರ ಹಿಡಿಯಿತು. ಎರಡು ವಾರಾಂತ್ಯಗಳಲ್ಲಿ ಮುಗಿಯಬಹುದಾಗಿದ್ದ ಕೆಲಸ ಇದು. ಯಾವುದನ್ನು ಮೊದಲು ಮಾಡಬೇಕು ಎಂಬುದು ತಿಳಿಯದೆ ಉಳಿದ ಮೂರು ವಾರ ಕಳೆದವು. ಮನೆಯ ಹಿರಿಯರಿಗಾಗಿ ಇದೇ ಕೆಲಸಕ್ಕೆ ಕೈಹಾಕುವವರಿಗೆ ಅಷ್ಟಾದರೂ ಉಳಿಯಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊಮ್ಮಗನಿಗೆ ಕಾಯಿಲೆ ಬಿಗಡಾಯಿಸಿದ್ದಾಗ ದೊಡ್ಡಮ್ಮ ಊರಿನಲ್ಲಿ ಒಂದು ಯಕ್ಷಗಾನದ ಆಟ ಆಡಿಸುತ್ತೇನೆಂದು ಹರಕೆ ಹೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯವನ್ನು ಮುಡಿಪು ಕಟ್ಟಿ ದೇವರ ಮುಂದೆ ಇಟ್ಟಿದ್ದರು. ಹರಕೆಯಾಟಕ್ಕೆ ಮೇಳದ, ಅಂದರೆ ಯಕ್ಷಗಾನ ತಂಡದ, ಸರದಿ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅಂತೂ ಸರದಿ ಬಂದು ಈ ಜನವರಿಯಲ್ಲಿ ಬಂಟ್ವಾಳದ ಹತ್ತಿರದ ನಮ್ಮ ಊರಿನಲ್ಲಿ ಆಟ ನಿಶ್ಚಯವಾಯಿತು. ಆದರೆ ಅದಕ್ಕೆ ಮೂರು ವಾರ ಮೊದಲು ದೊಡ್ಡಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಯವರೆಲ್ಲ ಊರಿಗೆ ಹೋಗಿ ಬಂದರು, ಹರಕೆ ಹೇಳಿದವರು ಮಾತ್ರ ಹಾಸಿಗೆಯಲ್ಲಿ ಉಳಿದರು. ಅದಕ್ಕಾಗಿಯೇ ಚಿಕ್ಕಪ್ಪನ ಮಗ ವೇಷ ಕಟ್ಟುವ ಚೌಕಿಯಲ್ಲಿ ನಡೆಯುವ ಚೌಕಿಪೂಜೆಯಿಂದ ಕೊನೆಯ ಮಂಗಳದವರೆಗೆ ಇಡೀ ಆಟವನ್ನು ಫೋನಿನಲ್ಲಿ ಹಿಡಿದು, ಅರ್ಧರ್ಧ ಗಂಟೆಯ 11 ಫೈಲುಗಳನ್ನು 64 ಜಿಬಿಯ ಪೆನ್‌ಡ್ರೈವಿಗೆ ಹಾಕಿ ನನ್ನ ಕೈಯಲ್ಲಿ ಕೊಟ್ಟ. ಒಟ್ಟು ಗಾತ್ರ ಸುಮಾರು 20 ಜಿಬಿ.

ಹೊಸ ಸ್ಮಾರ್ಟ್ ಟಿವಿ ತಂದರೆ ಮುಗಿಯಿತಲ್ಲ ಎಂದು ಅಣ್ಣನೂ ಹೇಳಿದ, ಬಹುಶಃ ಓದುವವರಿಗೂ ಹಾಗೆಯೇ ಅನ್ನಿಸಬಹುದು. ದೊಡ್ಡಮ್ಮನ ಬಲಗಣ್ಣು ಮಂದವಾಗಿದೆ. ಟಿವಿಯಿಂದ ಮೂರೇ ಅಡಿ ದೂರದಲ್ಲಿ ಕುರ್ಚಿ ಹಾಕಿ ಕೂತರೆ ಚಿತ್ರ ಚೆನ್ನಾಗಿ ಕಾಣುತ್ತದೆ, ರಿಮೋಟಿನ ಸಣ್ಣ ಅಕ್ಷರಗಳು ಕಾಣುವುದಿಲ್ಲ. ಡಿವಿಡಿ ಪ್ಲೇಯರಿನ ರಿಮೋಟಿನಲ್ಲಿ ಪ್ಲೇ ಗುಂಡಿಯ ಮೇಲೆ ಅವರು ಹಣೆಗಿಡುವ ಮಖಮಲ್ಲಿನ ಟಿಕ್ಲಿಯೊಂದನ್ನು ಅಂಟಿಸಿಕೊಂಡಿದ್ದಾರೆ. ಹೆಬ್ಬೆರಳು ಆ ಟಿಕ್ಲಿಯನ್ನು ಮುಟ್ಟಿದರೆ ಅಲ್ಲಿಂದ ಕೆಳಗೆ ನಿಲ್ಲಿಸುವ ಗುಂಡಿ, ಬಲಕ್ಕೆ ಮುಂದಿನದು, ಎಡಕ್ಕೆ ಹಿಂದಿನದು. ರಬ್ಬರು ಸವೆದು ಗುರುತುಗಳೆಲ್ಲ ಅಳಿಸಿಹೋದ ಆ ರಿಮೋಟನ್ನು ಅವರು ಯಾರ ಸಹಾಯವೂ ಇಲ್ಲದೆ ನಡೆಸುತ್ತಾರೆ. ಮಗ, ಸೊಸೆ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವವರಿಗೆ ಇದು ಸಣ್ಣ ಸ್ವಾತಂತ್ರ್ಯವಲ್ಲ. ಆದ್ದರಿಂದ ಪ್ಲೇಯರನ್ನು ಬದಲಿಸದೆ ಫೈಲನ್ನೇ ಬದಲಿಸುವುದೆಂದು ನಿರ್ಧರಿಸಿದೆ.

ಮೊದಲ ದಿನ ಪೆನ್‌ಡ್ರೈವನ್ನು ಪ್ಲೇಯರಿನ ಮುಂಭಾಗದ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಅದು ಏನನ್ನೂ ಗುರುತಿಸಲಿಲ್ಲ. ದೊಡ್ಡ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಹಳೆಯ ಪ್ಲೇಯರುಗಳಿಗೆ ಫ್ಯಾಟ್32 ಮಾತ್ರ ಗೊತ್ತು. ಮನೆಯಲ್ಲಿದ್ದ 8 ಜಿಬಿಯ ಹಳೆಯ ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ಒಂದು ಫೈಲು ಹಾಕಿದೆ. ಈ ಬಾರಿ ಹೆಸರೇನೋ ಕಾಣಿಸಿತು, ಆದರೆ ಪ್ಲೇ ಒತ್ತಿದರೆ ಈ ಫೈಲು ನಡೆಯುವುದಿಲ್ಲ ಎಂಬ ಸಂದೇಶ ಬಂತು.

ಆಗ ದೊಡ್ಡಮ್ಮನೇ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿ ಇದೆ ನೋಡೆಂದರು. ರೇಷನ್ ಕಾರ್ಡು, ಹಳೆಯ ಪಾಸ್‌ಬುಕ್ಕುಗಳ ಅಡಿಯಲ್ಲಿ ಪ್ಲೇಯರಿನ ಕೈಪಿಡಿ ಬಿಲ್ಲಿನ ಸಮೇತ ಜೋಪಾನವಾಗಿತ್ತು. ಅದರ ಕೊನೆಯ ಪುಟಗಳಲ್ಲಿದ್ದ ಕೋಷ್ಟಕವೇ ಈ ಇಡೀ ಕೆಲಸದ ಮುಖ್ಯ ದಾಖಲೆ. ನೀವೂ ಮೊದಲು ಅದನ್ನೇ ಹುಡುಕಿ. ಕೈಪಿಡಿ ಕಳೆದುಹೋಗಿದ್ದರೆ ಪ್ಲೇಯರಿನ ಮುಂಭಾಗದಲ್ಲಿ ಮುದ್ರಿಸಿದ ಗುರುತುಗಳನ್ನೂ, ಹಿಂಬದಿಯ ಚೀಟಿಯ ಮೇಲಿನ ಮಾಡೆಲ್ ಸಂಖ್ಯೆಯನ್ನೂ ಬರೆದುಕೊಳ್ಳಿ. ನಮ್ಮ ಪ್ಲೇಯರಿಗೆ ಎಂಪೆಗ್-1, ಎಂಪೆಗ್-2 ಮತ್ತು ಡಿವ್‌ಎಕ್ಸ್ ಎಂಬ ವಿಡಿಯೋ ಕ್ರಮಗಳು ಬರುತ್ತವೆ, ಚಿತ್ರದ ಗಾತ್ರ 720×576 ದಾಟುವಂತಿಲ್ಲ ಎಂದು ಅಲ್ಲಿತ್ತು. ಫೋನಿನ ಫೈಲು 1920×1080 ಗಾತ್ರದ್ದು, ಎಚ್.265 ಕ್ರಮದಲ್ಲಿ ಅಡಕವಾದದ್ದು. ಎಚ್.265 ಬಂದದ್ದು 2013ರಲ್ಲಿ. ಅದಕ್ಕಿಂತ ಹಿಂದೆ ತಯಾರಾದ ಯಂತ್ರಕ್ಕೆ ಅದನ್ನು ಬಿಡಿಸಿ ಓದುವ ವಿದ್ಯೆಯೇ ಇರುವುದಿಲ್ಲ. ಎಂಪಿ4 ಎಂಬುದು ಹೊರಗಿನ ಡಬ್ಬಿಯ ಹೆಸರು ಮಾತ್ರ, ಪ್ಲೇಯರಿಗೆ ಮುಖ್ಯವಾದದ್ದು ಅದರೊಳಗಿನ ಅಡಕದ ಕ್ರಮ. ಫೈಲಿನ ಹೆಸರಿನ ಕೊನೆಯ ಮೂರಕ್ಷರ ತಿದ್ದಿದರೆ ಸಾಕೆಂದು ಒಬ್ಬರು ಹೇಳಿದ್ದನ್ನು ನಂಬಿ ನಾನು ಒಂದು ಸಂಜೆ ಕಳೆದೆ. ಹಾಗೆ ಮಾಡುವುದರಿಂದ ಏನೂ ಬದಲಾಗುವುದಿಲ್ಲ.

ನನ್ನಿಂದಾಗದು ಎನ್ನಿಸಿ ಮುಲುಂಡಿನ ನಮ್ಮ ಮನೆಯ ಹತ್ತಿರದ ಒಂದು ಫೋಟೋ ಸ್ಟುಡಿಯೋಕ್ಕೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಎರಡು ಡಿಸ್ಕ್ ಕೊಟ್ಟು ₹500 ತೆಗೆದುಕೊಂಡರು. ಡೊಂಬಿವಲಿಗೆ ಒಯ್ದು ಹಾಕಿದರೆ ಅದೇ ಹಳೆಯ ಸಂದೇಶ. ಮನೆಗೆ ಬಂದು ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ ಗೊತ್ತಾಯಿತು: ಅವರು ನನ್ನ ಎಂಪಿ4 ಫೈಲುಗಳಲ್ಲಿ ಹಿಡಿಸಿದಷ್ಟನ್ನು ಹಾಗೆಯೇ ನಕಲು ಮಾಡಿದ್ದರು. ಅದು ಡೇಟಾ ಡಿಸ್ಕ್. ಟಿವಿಯಲ್ಲಿ ಕಾಣುವ ಡಿವಿಡಿಯಾದರೆ ಒಳಗೆ ವಿಡಿಯೋ-ಟಿಎಸ್ ಎಂಬ ಫೋಲ್ಡರ್ ಇರಬೇಕು, ಅದರೊಳಗೆ ವಿಒಬಿ, ಐಎಫ್ಒ, ಬಿಯುಪಿ ಎಂದು ಕೊನೆಗೊಳ್ಳುವ ಫೈಲುಗಳಿರಬೇಕು. ಯಾರಿಗಾದರೂ ಹಣ ಕೊಟ್ಟು ಮಾಡಿಸುವುದಾದರೆ ಈ ಮಾತನ್ನು ಮೊದಲೇ ಹೇಳಿ, ಅಂಗಡಿಯಲ್ಲೇ ಒಂದು ಪ್ಲೇಯರಿಗೆ ಹಾಕಿ ತೋರಿಸಿರೆಂದು ಕೇಳಿ. ಆ ದಿನ ಹಣಕ್ಕಿಂತ ಹೆಚ್ಚಾಗಿ, ಸಾಯಂಕಾಲದಿಂದ ಕುರ್ಚಿಯಲ್ಲಿ ಕಾದು ಕೂತಿದ್ದ ದೊಡ್ಡಮ್ಮನನ್ನು ಮತ್ತೆ ಹಾಸಿಗೆಗೆ ಕಳುಹಿಸಬೇಕಾದದ್ದು ನನಗೆ ಬಹಳ ನೋವುಂಟುಮಾಡಿತು.

ಇನ್ನು ನಾನೇ ಮಾಡಬೇಕೆಂದು ಹೊರಟಾಗ ಮುಂದೆ ಎರಡು ದಾರಿಗಳಿದ್ದವು. ಒಂದು, ಪೆನ್‌ಡ್ರೈವಿಗೆ ಹಳೆಯ ಡಿವ್‌ಎಕ್ಸ್ ಕ್ರಮದ ಎವಿಐ ಫೈಲು. ಇನ್ನೊಂದು, ನಿಜವಾದ ವಿಡಿಯೋ ಡಿಸ್ಕ್. ಮೊದಲನೆಯದು ಅಗ್ಗ, ಖಾಲಿ ಡಿಸ್ಕ್ ಕೂಡ ಬೇಡ. ಡಿವ್‌ಎಕ್ಸ್‌ಗೆ ಹೊಂದುವ ಎಕ್ಸ್‌ವಿಡ್ ಎಂಬುದನ್ನು ಬಳಸಿ ಒಂದು ತುಣುಕನ್ನು ಎವಿಐ ಮಾಡಿದೆ. ಚಿತ್ರ ಬಂತು, ಶಬ್ದ ಬರಲಿಲ್ಲ. ಫೋನಿನ ಧ್ವನಿ ಎಎಸಿ ಕ್ರಮದ್ದು, ಅದನ್ನು ಹಾಗೆಯೇ ಬಿಟ್ಟಿದ್ದೆ. ಧ್ವನಿಯನ್ನು ಎಂಪಿ3 ಮಾಡಿದಾಗ ಎರಡೂ ಬಂದವು. ಫೈಲಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಪರದೆಯ ಮೇಲೆ ಬರೀ ಚೌಕಗಳು ಕಾಣುತ್ತವೆ, ಇಂಗ್ಲಿಷಿನ ಚಿಕ್ಕ ಹೆಸರು ಮತ್ತು ಅಂಕಿಗಳೇ ಒಳ್ಳೆಯದು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ ಎಂಬುದೂ ನೆನಪಿರಲಿ. ಅಕ್ಷರ ಓದಬಲ್ಲವರಿಗೆ ಈ ದಾರಿ ಸಾಕು. ದೊಡ್ಡಮ್ಮನಿಗೆ ಸಾಕಾಗಲಿಲ್ಲ. ಪೆನ್‌ಡ್ರೈವ್ ಹಾಕಿದರೆ ಮೊದಲು ಫೈಲುಗಳ ಪಟ್ಟಿ ಬರುತ್ತದೆ, ಬಾಣದ ಗುಂಡಿಗಳಿಂದ ಅದರೊಳಗೆ ಇಳಿಯಬೇಕು. ಡಿಸ್ಕ್ ಆದರೆ ತಟ್ಟೆಯ ಮೇಲಿಟ್ಟು ಒಳಗೆ ತಳ್ಳಿದೊಡನೆ ತಾನಾಗಿ ಶುರುವಾಗುತ್ತದೆ. ಹೀಗೆ ಡಿಸ್ಕೇ ಆಗಬೇಕೆಂದು ತೀರ್ಮಾನವಾಯಿತು.

ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಡ್ರೈವ್ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವಿಗಾಗಿ ಒಂದು ಭಾನುವಾರ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೊರಟೆ. ಸೆಂಟ್ರಲ್ ಲೈನಿನಲ್ಲಿ ಹಳಿಯ ಕೆಲಸಕ್ಕಾಗಿ ರೈಲುಗಳನ್ನು ಕಡಿತಗೊಳಿಸುವ ಮೆಗಾ ಬ್ಲಾಕ್ ಇದ್ದುದರಿಂದ ದಾದರ್ ತಲುಪುವುದೇ ತಡವಾಯಿತು. ಅಲ್ಲಿ ಲೈನ್ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದು ನಡೆದು ಹೋದರೆ ನಾನು ಹುಡುಕುತ್ತಿದ್ದ ಅಂಗಡಿಗಳ ಬಾಗಿಲು ಹಾಕಿತ್ತು. ಮುಂದಿನ ಶನಿವಾರ ಅರ್ಧ ದಿನದ ರಜೆ ಹಾಕಿ ಮತ್ತೆ ಹೋದೆ. ಡ್ರೈವಿಗೆ ₹1,850, ಹತ್ತು ಖಾಲಿ ಡಿವಿಡಿ-ಆರ್ ಮತ್ತು ಒಂದು ಆರ್‌ಡಬ್ಲ್ಯೂ ಸೇರಿ ₹300. ಡಿವಿಡಿ-ಆರ್, ಡಿವಿಡಿ+ಆರ್ ಎಂದು ಎರಡು ಬಗೆಗಳಿವೆ, ನಡುವಿನ ಗೀಟು ಮತ್ತು ಕೂಡುವ ಚಿಹ್ನೆಯನ್ನು ಗಮನಿಸಿ ಕೊಳ್ಳಿ. ಹಳೆಯ ಪ್ಲೇಯರುಗಳು ಹೆಚ್ಚಾಗಿ ಗೀಟಿನದನ್ನೇ ಸಲೀಸಾಗಿ ಓದುತ್ತವೆ.

ಆರ್‌ಡಬ್ಲ್ಯೂ ಕೊಂಡದ್ದು ಪ್ರಯೋಗಕ್ಕೆ, ಅಳಿಸಿ ಅಳಿಸಿ ಬರೆಯಬಹುದೆಂಬ ಆಸೆಗೆ. ಪ್ಲೇಯರ್ ಅದನ್ನು ಡಿಸ್ಕ್ ಎಂದೇ ಒಪ್ಪಲಿಲ್ಲ. ಡಿವಿಡಿ-ಆರ್ ಹಾಕಿದೆ, ತೆರೆದುಕೊಂಡಿತು, ಆದರೆ ಹತ್ತು ನಿಮಿಷಕ್ಕೊಮ್ಮೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಅಂಗಡಿಯಿಂದ ಕೊಂಡ ದೊಡ್ಡಮ್ಮನ ಹಳೆಯ ಡಿಸ್ಕುಗಳು ಮಾತ್ರ ತೊಂದರೆಯಿಲ್ಲದೆ ಓಡುತ್ತಿದ್ದವು. ಇದು ನನ್ನ ಪರಿವರ್ತನೆಯ ದೋಷವೆಂದುಕೊಂಡು ಒಂದು ವಾರ ಸೆಟ್ಟಿಂಗುಗಳನ್ನು ತಿದ್ದುತ್ತ ಕೂತೆ. ನಿಜವಾದ ಕಾರಣ ಬೇರೆಯೇ ಇತ್ತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್ ಲೇಸರಿನ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಮನೆಯಲ್ಲಿ ಬರೆದದ್ದು ಅದಕ್ಕಿಂತ ಕಡಿಮೆ, ಅಳಿಸಿ ಬರೆಯುವ ಬಗೆಯದು ಎಲ್ಲಕ್ಕಿಂತ ಕಡಿಮೆ. ಲೆನ್ಸಿನ ಮೇಲೆ ದೂಳು ಕೂತ ಹಳೆಯ ಪ್ಲೇಯರಿಗೆ ಈ ವ್ಯತ್ಯಾಸವೇ ಸಾಕು. ಟಿವಿ ರಿಪೇರಿಯ ಹುಡುಗನೊಬ್ಬ ಮನೆಗೆ ಬಂದು ಮುಚ್ಚಳ ಬಿಚ್ಚಿ, ಕಾಳುಮೆಣಸಿನಷ್ಟಿದ್ದ ಆ ಲೆನ್ಸನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡೇ ಸುತ್ತು ಒರೆಸಿ, ಆರಲು ಬಿಟ್ಟು ಮುಚ್ಚಿದ. ₹350 ಕೊಟ್ಟೆ. ಅದೇ ಡಿಸ್ಕ್ ತಡೆಯಿಲ್ಲದೆ ಓಡಿತು. ಪರಿವರ್ತನೆಗೆ ಕೂರುವ ಮುಂಚೆಯೇ ಇದನ್ನು ಮಾಡಿಸಿಕೊಂಡರೆ ನನ್ನಂತೆ ವಾರ ಕಳೆಯಬೇಕಾಗುವುದಿಲ್ಲ.

ಪರಿವರ್ತನೆಗೆ ಬಳಸಿದ್ದು ಎರಡು ಉಚಿತ ತಂತ್ರಾಂಶಗಳನ್ನು, ಹ್ಯಾಂಡ್‌ಬ್ರೇಕ್ ಮತ್ತು ಡಿವಿಡಿಸ್ಟೈಲರ್. ಮೊದಲ ಪ್ರಯೋಗದಲ್ಲಿ ಭಾರತದ ಟಿವಿಗಳ ಪದ್ಧತಿಯಾದ ಪಾಲ್ ಆರಿಸಿದೆ, ಅಂದರೆ 720×576, ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್). ಮಾತಿನ ಭಾಗ ಚೆನ್ನಾಗಿಯೇ ಇತ್ತು. ಚುರುಕು ಕುಣಿತದ ತರುಣ ಪಾತ್ರವಾದ ಪುಂಡುವೇಷ ರಂಗಕ್ಕೆ ಬಂದು ದಿಗಿಣ, ಅಂದರೆ ಸುತ್ತುತ್ತ ಜಿಗಿಯುವ ಕುಣಿತ, ಹಾರಲು ತೊಡಗಿದಾಗ ಪ್ರತಿ ಸುತ್ತಿನಲ್ಲೂ ಚಿತ್ರ ಜರ್ಕು ಹೊಡೆಯುತ್ತಿತ್ತು. ಫೋನ್ ಹಿಡಿದದ್ದು ಸೆಕೆಂಡಿಗೆ 30 ಚೌಕಟ್ಟು. ಅದನ್ನು 25ಕ್ಕೆ ಇಳಿಸುವಾಗ ಸೆಕೆಂಡಿಗೆ ಐದು ಚೌಕಟ್ಟು ಬಿಟ್ಟುಹೋಗುತ್ತವೆ, ವೇಗದ ಕುಣಿತದಲ್ಲಿ ಆ ಹಾರಿದ ಜಾಗಗಳು ಕಣ್ಣಿಗೆ ಹೊಡೆಯುತ್ತವೆ. ಪ್ಲೇಯರಿನ ಸೆಟಪ್ಪಿನಲ್ಲಿ ಟಿವಿಯ ಬಗೆ ಎಂಬಲ್ಲಿ ಮಲ್ಟಿ ಎಂಬ ಆಯ್ಕೆ ಇತ್ತು. ಅದನ್ನಿಟ್ಟು, ಸೆಕೆಂಡಿಗೆ 29.97 ಚೌಕಟ್ಟಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಒಂದು ತುಣುಕು ಮಾಡಿ ನೋಡಿದೆ. ಎತ್ತರ 480 ಗೆರೆಗಳಿಗೆ ಇಳಿಯಿತು, ಆದರೆ ಕುಣಿತ ನೀರು ಹರಿದಂತೆ ಬಂತು. ಆ ಟಿವಿಯಲ್ಲಿ ಗೆರೆಗಳ ನಷ್ಟ ಯಾರಿಗೂ ತಿಳಿಯಲಿಲ್ಲ. ನಿಮ್ಮ ಟಿವಿ ಎನ್‌ಟಿಎಸ್‌ಸಿ ಒಪ್ಪದೆ ಕಪ್ಪುಬಿಳುಪಾಗಿ ತೋರಿಸಿದರೆ ಪಾಲ್‌ಗೇ ಮರಳಬೇಕಾಗುತ್ತದೆ, ಹಾಗಾಗಿ ಒಂದು ನಿಮಿಷದ ತುಣುಕಿನಲ್ಲೇ ಇದನ್ನು ಪರೀಕ್ಷಿಸಿ. ಧ್ವನಿಯನ್ನು ಎಸಿ-3 ಎಂದು ಆರಿಸಿ, ಎರಡೂ ಪದ್ಧತಿಗಳಿಗೆ ಅದು ಒಗ್ಗುತ್ತದೆ.

ಇದಾದ ಮೇಲೆ ಮೊದಲ ಡಿಸ್ಕನ್ನು ಪೂರ್ತಿಯಾಗಿ ಮಾಡಿ ಸಂತೋಷದಿಂದ ಒಯ್ದೆ. ದೊಡ್ಡಮ್ಮ ಇಪ್ಪತ್ತು ನಿಮಿಷ ಮಾತಾಡದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಚೆಂಡೆ ಹಿಂದೆ ಬೀಳ್ತದಲ್ಲ ಮಗಾ, ಕಾಲು ಬಿದ್ದು ಆದ ಮೇಲೆ ಪೆಟ್ಟು ಕೇಳ್ತದೆ” ಎಂದರು. ನಾನು ಗಮನಿಸಿರಲೇ ಇಲ್ಲ. ಹತ್ತಿರ ಕೂತು ನೋಡಿದೆ. ತುಣುಕಿನ ಆರಂಭದಲ್ಲಿ ಎಲ್ಲ ಸರಿಯಿತ್ತು, ಅರ್ಧ ಗಂಟೆಯ ಕೊನೆಗೆ ಬರುವಷ್ಟರಲ್ಲಿ ಹೆಜ್ಜೆ ನೆಲಕ್ಕೆ ತಾಗಿ ಸುಮಾರು ಅರ್ಧ ಸೆಕೆಂಡಿನ ನಂತರ ಚೆಂಡೆಯ ಪೆಟ್ಟು ಬರುತ್ತಿತ್ತು. ಫೋನುಗಳು ಹೆಸರಿಗೆ 30 ಚೌಕಟ್ಟು ಎಂದರೂ ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಆ ವೇಗವನ್ನು ಏರಿಳಿಸುತ್ತಿರುತ್ತವೆ. ಡಿವಿಡಿಗೆ ಏರಿಳಿತ ಗೊತ್ತಿಲ್ಲ, ಎಲ್ಲ ಚೌಕಟ್ಟನ್ನೂ ಒಂದೇ ಅಳತೆಯಲ್ಲಿ ಎಣಿಸುತ್ತದೆ. ಹೀಗಾಗಿ ಚಿತ್ರವೂ ಧ್ವನಿಯೂ ಸ್ವಲ್ಪಸ್ವಲ್ಪವೇ ದೂರವಾಗುತ್ತ ಹೋಗುತ್ತವೆ. ಪರಿಹಾರ ಸುಲಭದ್ದೇ: ಮೊದಲು ಹ್ಯಾಂಡ್‌ಬ್ರೇಕಿನಲ್ಲಿ 29.97 ಎಂದು ಆರಿಸಿ, ಸ್ಥಿರ ಫ್ರೇಮ್ ರೇಟ್ ಎಂಬುದನ್ನು ಒತ್ತಿ, ಉತ್ತಮ ಗುಣಮಟ್ಟದ ಎಚ್.264 ಫೈಲು ಮಾಡಿಕೊಳ್ಳಬೇಕು, ಆ ಫೈಲನ್ನು ಡಿವಿಡಿಸ್ಟೈಲರಿಗೆ ಕೊಡಬೇಕು. ಒಂದು ಹಂತ ಹೆಚ್ಚಾಯಿತು, ಚೆಂಡೆ ಹೆಜ್ಜೆಯ ಮೇಲೆಯೇ ಬಿತ್ತು. ಕುಣಿತವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯಾಗಿದ್ದರೆ ಬಹುಶಃ ತಿಳಿಯುತ್ತಿರಲಿಲ್ಲ, ಕುಣಿತವಿರುವ ಯಾವುದೇ ಚಿತ್ರೀಕರಣದಲ್ಲಿ ಇದನ್ನು ಬಿಡಬೇಡಿ. ಪರೀಕ್ಷೆಯನ್ನು ತುಣುಕಿನ ಆರಂಭದಲ್ಲಿ ಮಾಡದೆ ಕೊನೆಯ ಐದು ನಿಮಿಷಗಳಲ್ಲಿ ಮಾಡಿ.

ಒಂದು ಡಿಸ್ಕಿಗೆ ಎಷ್ಟು ಹಾಕಬಹುದೆಂಬ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿಕೊಂಡೆ. ಒಂದು ಡಿಸ್ಕಿನ ಗಾತ್ರವಾದ 4.7 ಜಿಬಿ ಎಂದರೆ 470 ಕೋಟಿ ಬೈಟ್, ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ. ಎಂಟರಿಂದ ಗುಣಿಸಿದರೆ 3,760 ಕೋಟಿ ಬಿಟ್. ಎರಡು ಗಂಟೆಯ 7,200 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್. ಧ್ವನಿಗೂ ಇತರ ಲೆಕ್ಕಗಳಿಗೂ ಜಾಗ ಬಿಟ್ಟು ಚಿತ್ರಕ್ಕೆ 4.8 ಇಟ್ಟೆ. ಮೂರು ಗಂಟೆ ತುರುಕಿದರೆ ಆ 5.2 ಎಂಬುದು 3.5ರ ಆಸುಪಾಸಿಗೆ ಇಳಿಯುತ್ತದೆ, ಆಗ ರಾಕ್ಷಸ ಪಾತ್ರಗಳಾದ ಬಣ್ಣದ ವೇಷದ ಮುಖವರ್ಣಿಕೆಯ ಸೂಕ್ಷ್ಮ ಚುಕ್ಕೆಗಳು ಕಲಸಿಹೋಗುತ್ತವೆ. ಆದ್ದರಿಂದ ನಾಲ್ಕು, ನಾಲ್ಕು, ಮೂರು ತುಣುಕುಗಳಂತೆ ಮೂರು ಡಿಸ್ಕ್ ಮಾಡಿದೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದೊಂದು ಡಿಸ್ಕಿನ ಪಾಲನ್ನು ಪರಿವರ್ತಿಸಲು ಒಂದಿಡೀ ರಾತ್ರಿ ಬೇಕಾಯಿತು. ಎರಡನೆಯ ರಾತ್ರಿ ಲ್ಯಾಪ್‌ಟಾಪ್ ತಾನಾಗಿ ನಿದ್ರೆಗೆ ಹೋಗಿ, ಬೆಳಗ್ಗೆ ಎದ್ದು ನೋಡಿದಾಗ ಶೇಕಡ 14ರಲ್ಲಿ ನಿಂತಿತ್ತು. ಮಲಗುವ ಮುಂಚೆ ಸ್ಲೀಪ್ ಸೆಟ್ಟಿಂಗನ್ನು ತೆಗೆದುಹಾಕಿ, ಚಾರ್ಜರ್ ಹಾಕಿಡಿ.

ಅಂಚಿನ ವಿಷಯ ಒಂದಿದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತವೆ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಕಾಣುತ್ತಿದ್ದ ಚೆಂಡೆಯವರು ಟಿವಿಯಲ್ಲಿ ಅರ್ಧ ಮಾತ್ರ ಕಾಣುತ್ತಿದ್ದರು. ಚಿತ್ರವನ್ನು ಪ್ರತಿ ಬದಿಯಲ್ಲೂ ಶೇಕಡ 5ರಷ್ಟು ಕುಗ್ಗಿಸಿ ಸುತ್ತ ಕಪ್ಪು ಅಂಚು ಕೊಟ್ಟ ಮೇಲೆ ಅವರು ಪೂರ್ತಿ ರಂಗಕ್ಕೆ ಬಂದರು.

ಚೌಕಿಪೂಜೆಯ ಕೆಲವು ದೃಶ್ಯಗಳನ್ನು ಬಂಧುಗಳು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ್ದರು. ವಿಡಿಯೋ ಎಂದು ಕಳುಹಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಅದನ್ನೇ ಡಾಕ್ಯುಮೆಂಟ್ ಎಂದು ಮತ್ತೆ ಕಳುಹಿಸಿರೆಂದು ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೇಳಿಕೊಂಡೆ. ಇಬ್ಬರು ಆಗಲೇ ಮೂಲವನ್ನು ಅಳಿಸಿದ್ದರು. ಹಿಂಜರಿಯದೆ ಮೊದಲ ವಾರದಲ್ಲೇ ಕೇಳಿಬಿಡಿ.

ಡಿಸ್ಕ್ ಬರೆಯುವಾಗ ವೇಗವನ್ನು 4ಎಕ್ಸ್‌ಗೆ ಇಳಿಸಿದೆ. ಒಂದು ಡಿಸ್ಕಿಗೆ ಸುಮಾರು 15 ನಿಮಿಷ ಹಿಡಿಯಿತು. ಕೊನೆಯಲ್ಲಿ ಫೈನಲೈಸ್, ಅಂದರೆ ಬರಹ ಮುಗಿಸಿ ಮುಚ್ಚುವ ಹಂತ, ಆಗುವವರೆಗೆ ಡ್ರೈವನ್ನು ಅಲುಗಿಸಬಾರದು. ಮೆನು ಇಡಲಿಲ್ಲ. ಪ್ರತಿ ವೇಷದ ಪ್ರವೇಶದಲ್ಲಿ ಒಂದೊಂದು ಅಧ್ಯಾಯದ ಗುರುತು ಹಾಕಿದೆ, ಟಿಕ್ಲಿಯ ಬಲಗಡೆಯ ಗುಂಡಿ ಒತ್ತಿದರೆ ಮುಂದಿನ ವೇಷ ಬರುತ್ತದೆ. ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತಿರುಗುವಾಗ ತೂಕ ತಪ್ಪುತ್ತದೆ. ಮಾರ್ಕರಿನಲ್ಲಿ ದೊಡ್ಡದಾಗಿ 1, 2, 3 ಎಂದು ಬರೆದೆ. ಇಡೀ ಡಿಸ್ಕಿನ ಯಥಾವತ್ ನಕಲಾದ ಐಎಸ್ಒ ಪ್ರತಿಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಂಡಿದ್ದೇನೆ, ಗೀಚು ಬಿದ್ದರೆ ಮತ್ತೆ ಬರೆದು ಕೊಡಬಹುದು. ಸ್ಟುಡಿಯೋಕ್ಕೆ ಕೊಟ್ಟದ್ದೂ ಸೇರಿ ಒಟ್ಟು ಖರ್ಚು ₹3,000, ಲೋಕಲಿನ ಓಡಾಟ ಬೇರೆ.

ಮೂರು ಡಿಸ್ಕುಗಳನ್ನೂ ದೊಡ್ಡಮ್ಮ ಒಂದೇ ದಿನ ನೋಡಬೇಕೆಂದರು. ಭಾನುವಾರ ಸಂಜೆ ಏಳಕ್ಕೆ, ಊರಿನಲ್ಲಿ ಆಟ ಶುರುವಾದ ಹೊತ್ತಿಗೇ, ವಾಕರ್ ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ಚೌಕಿಪೂಜೆಯ ಆರತಿ ಬಂದಾಗ ಮೂರಡಿ ದೂರದಿಂದ ಪರದೆಯ ಕಡೆ ಕೈ ಚಾಚಿ ಕಣ್ಣಿಗೊತ್ತಿಕೊಂಡರು. ಊಟವನ್ನು ಅಲ್ಲಿಗೇ ತರಿಸಿಕೊಂಡರು. ಎರಡನೆಯ ಡಿಸ್ಕನ್ನೂ ಮೂರನೆಯದನ್ನೂ ನಾನು ಏಳುವ ಮೊದಲೇ ಸೊಸೆಯ ಕೈಯಿಂದ ಇಸಿದುಕೊಂಡು ತಾವೇ ತಟ್ಟೆಯ ಮೇಲಿಟ್ಟರು. ಮಂಗಳ ಮುಗಿದಾಗ ರಾತ್ರಿ ಒಂದು ಗಂಟೆಯ ಹತ್ತಿರವಾಗಿತ್ತು. ಅಲ್ಲಿಂದ ಎದ್ದು ದೇವರ ಗೂಡಿಗೆ ಹೋಗಿ, ಜನವರಿಯಲ್ಲಿ ಆಟ ಮುಗಿದ ಮೇಲೂ ಯಾರಿಗೂ ಮುಟ್ಟಗೊಡದೆ ಇಟ್ಟುಕೊಂಡಿದ್ದ ಆ ಮುಡಿಪಿನ ಗಂಟನ್ನು ತಂದು ನನ್ನ ಕೈಯಲ್ಲಿಟ್ಟು, “ಇನ್ನು ಇದು ಇಲ್ಲಿ ಬೇಡ, ಊರಿಗೆ ಹೋಗುವವರು ಇದ್ದರೆ ದೇವಸ್ಥಾನಕ್ಕೆ ಮುಟ್ಟಿಸ್ಲಿಕ್ಕೆ ಹೇಳು” ಎಂದರು.